ತವರಿನ ರಾಗಿ ನಿಂತ ವರ್ಷ

ತುಮಕೂರಿನ ಮಂಡಿಪೇಟೆ ಹಿಂದಿನ ವಠಾರಕ್ಕೆ ಮದುವೆಯಾಗಿ ಬಂದ ದಿನದಿಂದ ಹೊಂಬಾಳಮ್ಮ ಅಂಗಡಿಯಲ್ಲಿ ರಾಗಿ ಕೊಂಡವಳಲ್ಲ. ಅಕ್ಕಿ, ಬೇಳೆ, ಬೆಲ್ಲಕ್ಕೆಲ್ಲ ಗಂಡ ಚಿಕ್ಕಬೀರಯ್ಯನ ಸಂಬಳ. ಅವನು ಸರ್ಕಾರಿ ಕಚೇರಿಯೊಂದರಲ್ಲಿ ಅಟೆಂಡರ್. ರಾಗಿ ಮಾತ್ರ ತವರಿನದು. ಕುಣಿಗಲ್ಲಿನಿಂದ ಹರದಾರಿ ದೂರ ಒಳಗಿದ್ದ ಹಳ್ಳಿಯಿಂದ, ಸುಗ್ಗಿ ಮುಗಿದು ಕಣ ಬರಿದಾದ ಮೇಲೆ, ತಮ್ಮ ಗಂಗಹನುಮಯ್ಯ ಬಸ್ಸಿನ ಟಾಪಿಗೆ ಮೂಟೆ ಹಾಕಿಸಿಕೊಂಡು ಬರುತ್ತಿದ್ದ. ಹೆಬ್ಬೂರಿನಲ್ಲಿ ಬಸ್ಸು ನಿಂತಾಗ ಕೆಳಗಿಳಿದು, ಮೂಟೆ ಅಲ್ಲೇ ಇದೆಯೋ ಇಲ್ಲವೋ ಎಂದು ಕತ್ತೆತ್ತಿ ನೋಡಿ, ಮತ್ತೆ ಹತ್ತುವಂಥ ಮನುಷ್ಯ.

ಮಾತು ಬಲು ಕಮ್ಮಿ. ತಾಯಿ ಸತ್ತಾಗ ಅವನಿನ್ನೂ ಅಂಬೆಗಾಲಿಡುತ್ತಿದ್ದ. ಹೊಂಬಾಳಮ್ಮನೇ ಸೊಂಟದ ಮೇಲೆ ಕೂರಿಸಿಕೊಂಡು ಬೆಳೆಸಿದ್ದಳು. ಹಸಿವಾದರೂ ಬಾಯಿಬಿಟ್ಟು ಕೇಳದೆ ಅಕ್ಕನ ಸೆರಗು ಹಿಡಿದು ನಿಲ್ಲುತ್ತಿದ್ದ ಹುಡುಗ, ತನಗೇ ನಾಲ್ಕು ಮಕ್ಕಳಾದ ಮೇಲೂ ಹಾಗೇ ಇದ್ದ. ಮೂಟೆ ಇಳಿಸುವುದು, ಉಣ್ಣುವುದು, ಅಕ್ಕನ ಮಕ್ಕಳ ಕೈಗೆ ಕಡ್ಲೆಪುರಿ ಪೊಟ್ಟಣ ಇಡುವುದು, "ಬತ್ತೀನಕ್ಕ" ಅಂದು ಹೊರಡುವುದು. ಆ ರಾಗಿಗೆ ಬೆಲೆ ಎಷ್ಟಾದೀತು ಎಂದು ಅಕ್ಕನೂ ಯೋಚಿಸಿರಲಿಲ್ಲ, ತಮ್ಮನೂ ಯೋಚಿಸಿರಲಿಲ್ಲ.

ಯೋಚಿಸುವ ಕಾಲ ಎಪ್ಪತ್ತಮೂರರಲ್ಲಿ ಬಂತು. ಒಂದು ಕಡೆ ಮಳೆ ಕೈಕೊಟ್ಟಿತ್ತು, ಇನ್ನೊಂದು ಕಡೆ ಪೇಟೆಯಲ್ಲಿ ಯಾವ ಸಾಮಾನು ಮುಟ್ಟಿದರೂ ಕೈ ಸುಡುತ್ತಿತ್ತು. ಶೆಟ್ಟರು ಅಂಗಡಿ ಮುಂದಿನ ಕರಿ ಹಲಗೆಯ ಮೇಲೆ ಬರೆದ ರೇಟನ್ನು ಒರೆಸಿ ಒರೆಸಿ ಬರೆಯುತ್ತಿದ್ದವರು, ಕೊನೆಗೆ ಬರೆಯುವುದನ್ನೇ ಬಿಟ್ಟು "ಒಳಗೆ ಬಂದು ಕೇಳಿ ತಾಯಿ" ಎನ್ನತೊಡಗಿದರು. ಕಡ್ಲೆಕಾಯಿ ಎಣ್ಣೆ ಕಾಣೆಯಾಯಿತು. ತೊಗರಿಬೇಳೆ ಹಬ್ಬದ ಪದಾರ್ಥವಾಯಿತು. ಸೊಸೈಟಿ ಮುಂದೆ ಸಕ್ಕರೆಗೂ ಸೀಮೆಎಣ್ಣೆಗೂ ಹೆಂಗಸರು ಡಬ್ಬ ಚೀಲಗಳನ್ನು ಸಾಲಾಗಿ ಇಟ್ಟು, ಅವುಗಳ ಪಕ್ಕದಲ್ಲೇ ಕೂತು ಅಕ್ಕಿ ಆರಿಸುತ್ತಿದ್ದರು. ಬಡವರ ಧಾನ್ಯ ಎಂದು ಯಾರೂ ತಿರುಗಿ ನೋಡದಿದ್ದ ರಾಗಿಯೂ ಮಂಡಿಯಲ್ಲಿ ಮೇಲಕ್ಕೇರಿ ಕೂತಿತು.

"ನಮಗೇನು ಬುಡು, ನಿನ್ನ ತಮ್ಮ ಇದಾನೆ" ಎಂದು ಚಿಕ್ಕಬೀರಯ್ಯ ಧೈರ್ಯವಾಗಿದ್ದ. ಆದರೆ ಆ ಸಲ ಶಿವರಾತ್ರಿ ಕಳೆದರೂ ಗಂಗಹನುಮಯ್ಯ ಬರಲಿಲ್ಲ. ರಾಗಿ ತುಂಬಿಡುವ ಗುಡಾಣದ ತಳ ಕಾಣತೊಡಗಿತು. ತಮ್ಮನಿಗೆ ಮೈ ಸರಿಯಿಲ್ಲವೋ ಏನೋ ಎಂಬ ಆತಂಕದಲ್ಲಿ ಹೊಂಬಾಳಮ್ಮ ತಾನೇ ಕುಣಿಗಲ್ ಬಸ್ಸು ಹತ್ತಿದಳು.

ತವರಿನ ಅಂಗಳದಲ್ಲಿ ಹಗೇವಿನ ಬಾಯಿ ತೆರೆದಿತ್ತು. ನೆಲದೊಳಗಿನ ಆ ಕಣಜದಿಂದ ರಾಗಿ ಎತ್ತಿ ರಾಶಿ ಹಾಕಿದ್ದರು. ಕುಣಿಗಲ್ಲಿನ ವ್ಯಾಪಾರಿಯೊಬ್ಬ ನಿಂತು ಅಳೆಸಿಕೊಳ್ಳುತ್ತಿದ್ದ. ಗಂಗಹನುಮಯ್ಯ ಅಕ್ಕನನ್ನು ಕಂಡು ಚೀಲದ ಬಾಯಿ ಬಿಟ್ಟು ಎದ್ದ. ಅವನ ಹೆಂಡತಿ ಪುಟ್ಟತಾಯಮ್ಮ ಕಾಲಿಗೆ ನೀರು ಕೊಟ್ಟಳು, ಮಜ್ಜಿಗೆ ಕೊಟ್ಟಳು, ಮಕ್ಕಳ ಯೋಗಕ್ಷೇಮ ವಿಚಾರಿಸಿದಳು. ಕೆಟ್ಟ ಹೆಂಗಸಲ್ಲ ಅವಳು. ವ್ಯಾಪಾರಿ ಅತ್ತ ತಿರುಗಿದಾಗ ಹತ್ತಿರ ಬಂದು ಮೆಲ್ಲಗೆ ಹೇಳಿದಳು:

"ಅತ್ತಿಗೆ, ಈ ಸಲದ ರೇಟು ನಿಮಗೂ ಗೊತ್ತಲ್ಲ. ಬೆಳೆದಿರೋದೂ ಅಷ್ಟಕ್ಕಷ್ಟೆ. ನಿಮಗೇನು ಪೇಟೆ ರೇಟಿಗೆ ಹಾಕ್ತೀವಾ? ಈ ವ್ಯಾಪಾರಿ ಕೊಡೋದಕ್ಕಿಂತ ಕಮ್ಮಿಗೇ ಹಾಕ್ಕೊಡ್ತೀವಿ."

ಹೊಂಬಾಳಮ್ಮ ತಮ್ಮನ ಮುಖ ನೋಡಿದಳು. ಅವನು ರಾಶಿಯ ಮೇಲಿನ ಕಸ ಆಯುತ್ತಿದ್ದ. ಒಂದು ಮಾತು, 'ಅಕ್ಕನ ಹತ್ರ ಎಂಥ ದುಡ್ಡೇ' ಎಂಬ ಒಂದು ಮಾತು ಅವನ ಬಾಯಿಂದ ಬಂದೀತೆಂದು ಅವಳು ಕಾದಳು. ಅವನು ಕಸ ಆಯುತ್ತಲೇ ಇದ್ದ.

"ಆಗ್ಲಿ ಪುಟ್ಟತಾಯಿ, ಅವರನ್ನ ಕೇಳ್ತೀನಿ" ಎಂದಳು. ಊಟಕ್ಕೂ ನಿಲ್ಲದೆ, ಮಡಚಿ ತಂದಿದ್ದ ಖಾಲಿ ಚೀಲವನ್ನು ಕಂಕುಳಲ್ಲಿ ಅವುಚಿಕೊಂಡು ವಾಪಸ್ಸು ಬಂದಳು. ಪುಟ್ಟತಾಯಿಯ ಮೇಲೆ ಅವಳಿಗೆ ಅಷ್ಟು ಕೋಪ ಬರಲಿಲ್ಲ. ಹೊರಗಿನಿಂದ ಬಂದವಳು, ನಾಲ್ಕು ಮಕ್ಕಳ ತಾಯಿ, ಅವಳ ಲೆಕ್ಕ ಅವಳಿಗೆ. ಆದರೆ ಸೊಂಟದ ಮೇಲೆ ಹೊತ್ತು ಬೆಳೆಸಿದ ಕೂಸು ತಲೆ ತಗ್ಗಿಸಿ ಕಸ ಆಯ್ದಿದ್ದು ಅವಳ ಎದೆಯಲ್ಲಿ ಕೂತುಬಿಟ್ಟಿತು.

ವಠಾರದವರು ಕೇಳಿದರೆ "ಈ ಸಲದ ರಾಗಿಗೆ ಹುಳ ಬಿದ್ದಿತ್ತು, ಬೇಡ ಅಂದೆ" ಎಂದಳು. ಗಂಡನಿಗೆ ಮಾತ್ರ ನಡೆದದ್ದು ಹೇಳಿ, "ಇನ್ನು ಆ ಮನೆ ಒಂದು ಕಾಳೂ ನನಗೆ ಬೇಡ" ಎಂದು ಮುಗಿಸಿದಳು.

ಅಲ್ಲಿಂದ ಹೊಂಬಾಳಮ್ಮನ ಇನ್ನೊಂದು ಬಾಳು ಶುರುವಾಯಿತು. ಪಕ್ಕದ ಮನೆಯ ಗಂಗಾಂಬಿಕೆ ಅವಳಿಗೆ ಜೊತೆ. ಗಂಗಾಂಬಿಕೆಯ ಗಂಡ ಬಟ್ಟೆ ಅಂಗಡಿಯಲ್ಲಿ ಗುಮಾಸ್ತ. ಮನೆ ತುಂಬ ಜನ, ಬರುವ ವರಮಾನ ಒಂದೇ. ಇಬ್ಬರೂ ಸಂತೆಯ ದಿನ ಬೆಳಗಿನ ರೈಲಿಗೆ ಗುಬ್ಬಿಗೆ ಹೋಗತೊಡಗಿದರು. ಹೋದ ಕೂಡಲೇ ಏನೂ ಕೊಳ್ಳಬಾರದು ಎಂಬುದು ಹೊಂಬಾಳಮ್ಮ ಕಲಿತ ಮೊದಲ ಪಾಠ. ಸಂತೆಯನ್ನು ಒಂದು ಸುತ್ತು ಹಾಕಬೇಕು, ಎಲ್ಲ ಕಡೆಯೂ ಕೇಳಬೇಕು, ಮನೆಯಿಂದ ಕಟ್ಟಿಕೊಂಡು ಬಂದ ರೊಟ್ಟಿಯನ್ನು ಮರದಡಿ ಕೂತು ತಿನ್ನಬೇಕು. ಹಸಿದ ಹೊಟ್ಟೆಯಲ್ಲಿ ವ್ಯಾಪಾರಕ್ಕೆ ಇಳಿದರೆ ಕಂಡದ್ದೆಲ್ಲ ಬೇಕೆನಿಸುತ್ತದೆ. ಬಿಸಿಲು ಇಳಿದು ಊರು ಸೇರುವ ಆತುರದಲ್ಲಿ ರೈತರು ಗೋಣಿ ಮಡಚುವಾಗ ಕೇಳಿದರೆ, ಬೆಳಿಗ್ಗೆ ಬಿಗುಮಾನದಲ್ಲಿದ್ದ ಬದನೆಕಾಯಿ ಮಡಿಲಿಗೆ ಬಂದು ಬೀಳುತ್ತದೆ.

ತೊಗರಿಬೇಳೆಯ ಜಾಗಕ್ಕೆ ಹುರುಳಿ, ಅಲಸಂದೆ ಬಂದವು. ಹುಣಸೆಹಣ್ಣನ್ನು ಸುಗ್ಗಿಯಲ್ಲೇ ಬೀಜದ ಸಮೇತ ತಂದು, ವಠಾರದ ಹೆಂಗಸರೆಲ್ಲ ಜಗಲಿ ಮೇಲೆ ಕೂತು ಕುಟ್ಟಿ ಬೀಜ ಬಿಡಿಸಿ ಉಪ್ಪು ಹಾಕಿ ಮಡಕೆಗೆ ತುಂಬಿದರು. ಕೆರೆ ಏರಿಯ ಕೆಳಗೆ ಹೋಗಿ ಬೆರಕೆ ಸೊಪ್ಪು ಕುಯ್ದು ತಂದರು. ಒಗ್ಗರಣೆಗೆ ಎಣ್ಣೆ ಸುರಿಯುವುದು ಹೋಗಿ, ಒಂದು ಚಿಕ್ಕ ಚಮಚೆ ಎಣ್ಣೆ ಡಬ್ಬಿಯ ಕೊರಳಿಗೆ ದಾರದಲ್ಲಿ ತೂಗಾಡತೊಡಗಿತು. ನಾಲ್ಕು ಮನೆಯವರು ಸೇರಿ ಮಂಡಿಯಲ್ಲೇ ಮೂಟೆ ರಾಗಿ ಕೊಂಡು ಹಂಚಿಕೊಳ್ಳುವ ಪದ್ಧತಿ ಮಾಡಿದವಳೂ ಅವಳೇ. ಮೂಟೆಯ ಬಾಯಿ ಬಿಚ್ಚಿ ಮೊರಕ್ಕೆ ಸುರಿಯುವಾಗ ಪ್ರತಿ ಸಲವೂ ಅವಳ ಮುಖ ಸಪ್ಪೆಯಾಗುತ್ತಿತ್ತು. ಕಲ್ಲು ಜಾಸ್ತಿ, ಮಣ್ಣು ಜಾಸ್ತಿ, ಮುದ್ದೆಗೆ ಜಿಗುಟಿಲ್ಲ ಎಂದು ಗೊಣಗುವಳು. ಚಿಕ್ಕ ಮಗಳು "ಮಾವ ಯಾಕ್ ಬರಾಕಿಲ್ಲ?" ಎಂದರೆ "ತಟ್ಟೆ ನೋಡ್ಕೊಂಡು ಉಣ್ಣು" ಎಂದು ಗದರುವಳು. ಮೊದಲು ಸೋಮವಾರ ಒಂದೇ ದಿನ ಒಪ್ಪತ್ತು ಮಾಡುತ್ತಿದ್ದವಳು ಶುಕ್ರವಾರಕ್ಕೂ ಶನಿವಾರಕ್ಕೂ ಒಂದೊಂದು ದೇವರನ್ನು ಹಚ್ಚಿಕೊಂಡಳು. ಹೀಗೇಕೆಂದು ಚಿಕ್ಕಬೀರಯ್ಯನಿಗೆ ಗೊತ್ತಿತ್ತು. ತನ್ನ ತಟ್ಟೆಯಲ್ಲಿ ಅರ್ಧ ಮುದ್ದೆ ಬಿಟ್ಟು "ಸಾಕಾಯ್ತು" ಎಂದು ಏಳುವುದನ್ನು ಅವನೂ ರೂಢಿ ಮಾಡಿಕೊಂಡ.

ಮರುವರ್ಷ, ಸುಗ್ಗಿಯಾದ ಮೇಲೆ, ಒಂದು ಮಧ್ಯಾಹ್ನ ಗಂಗಹನುಮಯ್ಯ ವಠಾರದ ಬಾಗಿಲಲ್ಲಿ ನಿಂತಿದ್ದ. ಹೆಗಲ ಮೇಲೆ ಮೂಟೆ. ಕೆಳಗಿಳಿಸಿ ಟವಲಿನಿಂದ ಕತ್ತು ಒರೆಸಿಕೊಂಡ. ಹೊಂಬಾಳಮ್ಮನಿಗೆ ಅವನನ್ನು ಕಂಡದ್ದೇ ಎದೆ ತುಂಬಿ ಬಂತು. ಆ ತುಂಬಿದ್ದೇ ಬಾಯಿಗೆ ಬರುವಾಗ ಬೇರೆಯಾಗಿ ಬಂತು.

"ಏನ್ಲಾ ಇದು? ಹೆಂಡ್ತಿ ಕಣ್ತಪ್ಪಿಸಿ ತಂದ್ಯಾ?"

"ಇಲ್ಲ ಕಣಕ್ಕ... ಅವ್ಳೇ..."

"ಅವಳ ಹೆಸರು ಎತ್ಬೇಡ ನನ್ನ ಮುಂದೆ. ಅವತ್ತು ಬಾಯಿಗೆ ಬೀಗ ಹಾಕ್ಕೊಂಡಿದ್ದೆಯಲ್ಲ, ಇವತ್ತೂ ಹಾಕ್ಕೋ. ಕದ್ದು ತಂದ ರಾಗಿ ತಿನ್ನೋ ಗತಿ ನನಗೆ ಬಂದಿಲ್ಲ. ತಗೊಂಡೋಗು."

ಗಂಗಾಂಬಿಕೆ ತನ್ನ ಬಾಗಿಲಿನಿಂದ "ಹೊಂಬಾಳಮ್ಮ, ಒಸಿ ತಡ್ಕೊಳ್ರೀ" ಎಂದಳು. ಅಷ್ಟರಲ್ಲಿ ಗಂಗಹನುಮಯ್ಯ ಬಗ್ಗಿ ಮೂಟೆ ಹೆಗಲಿಗೆ ಏರಿಸಿಯಾಗಿತ್ತು. ಒಳಗಿನಿಂದ ಚಿಕ್ಕ ಮಗಳು ಓಡಿ ಬಂದಳು. ಅವನು ಒಂದು ಕೈಯಲ್ಲಿ ಮೂಟೆ ಹಿಡಿದು, ಇನ್ನೊಂದರಲ್ಲಿ ಜೇಬು ತಡಕಿ, ಕಡ್ಲೆಪುರಿ ಪೊಟ್ಟಣ ಅವಳ ಕೈಗೆ ಕೊಟ್ಟ. ಆಮೇಲೆ ಬಸ್ ಸ್ಟ್ಯಾಂಡಿನ ದಾರಿ ಹಿಡಿದ. ಗೋಡೆಗೆ ಒರಗಿ ಹೊಂಬಾಳಮ್ಮ ಅವನು ಬೀದಿ ತಿರುವು ದಾಟುವವರೆಗೂ ನೋಡಿದಳು. ತಿರುಗಿ ನೋಡಿದರೆ ಕರೆಯೋಣ ಎಂದುಕೊಂಡಿದ್ದಳು. ಭಾರ ಹೊತ್ತವನು ತಿರುಗುವುದು ಹೇಗೆ? ಅವನು ತಿರುಗಲಿಲ್ಲ.

ಚಿಕ್ಕಬೀರಯ್ಯ ಕಚೇರಿಯಿಂದ ಬಂದು ಸುದ್ದಿ ಕೇಳಿದ. "ಒಂದು ಲೋಟ ನೀರಾದ್ರೂ ಕೊಡ್ಬೋದಾಗಿತ್ತು ಕಣೆ" ಎಂದಷ್ಟೇ ಹೇಳಿದ.

ಆಮೇಲಿನ ವರ್ಷಗಳಲ್ಲಿ ಅವನು ಬರಲಿಲ್ಲ, ಇವಳು ಹೋಗಲಿಲ್ಲ. ಗೌರಿ ಹಬ್ಬಕ್ಕೆ ತವರಿನ ಅರಿಸಿನ ಕುಂಕುಮ ಬರುತ್ತಿಲ್ಲವೆಂದು ವಠಾರಕ್ಕೆ ತಿಳಿಯದಿರಲೆಂದು ತಾನೇ ಒಂದು ರವಿಕೆ ಕಣ ಕೊಂಡು ತಂದು "ತಮ್ಮ ಕಳಿಸಿದ" ಎನ್ನುತ್ತಿದ್ದಳು. ಪ್ರತಿ ಸುಗ್ಗಿಯಲ್ಲೂ 'ಈ ಸಲ ಹೋಗಿಬಿಡೋಣ' ಎನಿಸುತ್ತಿತ್ತು. ಅವನೇ ಬರಲಿ, ಚಿಕ್ಕವನಲ್ಲವೇ ಎಂದು ಮನಸ್ಸು ಹಿಂದೆ ಸರಿಯುತ್ತಿತ್ತು. ಹೀಗೆ ನೋಡನೋಡುತ್ತಲೇ ಎಪ್ಪತ್ತರ ದಶಕವೇ ಮುಗಿಯಿತು. ಸಕ್ಕರೆ ಮತ್ತೆ ತುಟ್ಟಿಯಾಯಿತು, ಈರುಳ್ಳಿಯ ಮಾತು ರೇಡಿಯೋದಲ್ಲೂ ಬಂತು. ಹೊಂಬಾಳಮ್ಮನ ಸಂಸಾರ ಅಲ್ಲಾಡಲಿಲ್ಲ. ವಠಾರಕ್ಕೆ ಹೊಸದಾಗಿ ಬಂದ ಸೊಸೆಯಂದಿರು ಅವಳ ಹಿಂದೆ ಸಂತೆಗೆ ಬರುತ್ತಿದ್ದರು.

ಆ ಸಮಯದಲ್ಲೇ ಒಂದು ಬೆಳಿಗ್ಗೆ ಊರಿನ ಚೌಡಪ್ಪ ಬಂದ. ತವರುಮನೆಯ ಪಕ್ಕದ ಹೊಲದವನು. ಕೂರು ಎಂದರೆ ಕೂರಲಿಲ್ಲ. "ಅಕ್ಕಾ, ಹೊರಡು. ನಿನ್ ತಮ್ಮ ಹನುಮಣ್ಣನಿಗೆ ಕಾಮಾಲೆ ಆಗಿ ಹದಿನೈದು ದಿನ ಆಯ್ತು. ನಾಟಿ ಔಷಧಿ ಅಂತ ಕಾದ್ವಿ. ಈಗ ಮಾತು ನಿಂತೈತೆ" ಎಂದ.

ಅವಳು ಹೋಗುವಷ್ಟರಲ್ಲಿ ಜಗಲಿಯ ಮೇಲೆ ಮಲಗಿಸಿ ಆಗಿತ್ತು. ಮೈಯೆಲ್ಲ ಅರಿಸಿನ ಬಳಿದ ಹಾಗೆ ಹಳದಿ. ಹೊಂಬಾಳಮ್ಮ ಕೂಗಿ ಅಳಲಿಲ್ಲ. ಅವನ ತಲೆಯ ಬಳಿ ಕೂತು ಕೆದರಿದ ಕೂದಲನ್ನು ಬೆರಳಿನಿಂದ ಬಾಚುತ್ತಾ ಇದ್ದಳು. ಎತ್ತಲು ಬಂದವರು ಅವಳ ಕೈ ಬಿಡಿಸಬೇಕಾಯಿತು.

ತಿಥಿಯ ದಿನ ನೆಂಟರೆಲ್ಲ ಕೂತಿದ್ದಾಗ ಪುಟ್ಟತಾಯಮ್ಮನ ದುಃಖದ ಕಟ್ಟೆ ಒಡೆಯಿತು. ಅಳುತ್ತಲೇ ಹೊಂಬಾಳಮ್ಮನ ಕಡೆ ತಿರುಗಿದಳು.

"ನಾನು ಅವತ್ತು ಅಂದಿದ್ದು ತಪ್ಪೇ ಅತ್ತಿಗೆ. ಆಸೆಗೆ ಬಿದ್ದು ಅಂದ್ಬಿಟ್ಟೆ. ನೀವು ಬರಿಗೈಲಿ ಹೋದ ಮೇಲೆ ನನಗೆ ಅನ್ನ ಗಂಟಲಲ್ಲಿ ಇಳೀಲಿಲ್ಲ. ಮರುವರ್ಷ ನಾನೇ ನನ್ ಕೈಯಾರೆ ಕೇರಿ, ಮೂಟೆ ತುಂಬಿ, 'ನಾನೇ ಕಳಿಸ್ದೆ ಅಂತ ಹೇಳ್ರೀ' ಅಂತ ಕಳಿಸ್ದೆ. ಅಲ್ಲಿಂದ ಒಂದು ವರ್ಷನೂ ತಪ್ಪಿಸಿಲ್ಲ. ಪ್ರತಿ ವರ್ಷ ರಾಗಿ ತಗೊಂಡ್ರಿ, ಒಂದು ಸಲನಾದ್ರೂ ಈ ಮನೆ ಹೊಸ್ತಿಲು ತುಳಿದ್ರಾ? ಯಾಕ್ರೀ ಬರಾಕಿಲ್ಲ ಅಂದ್ರೆ, 'ಅಕ್ಕನಿಗೆ ಮಕ್ಕಳ ಸ್ಕೂಲು, ನಿನ್ನ ರಾಗಿ ಕಂಡು ಬೋ ಖುಷಿ ಪಟ್ಳು' ಅಂತಿದ್ರು. ಅಷ್ಟು ಖುಷಿ ಪಟ್ಟೋರು ತಮ್ಮನ್ನ ನೋಡಾಕೆ ಬರಬಾರದಾ ಅತ್ತಿಗೆ?"

ನೆರೆದವರೆಲ್ಲ ಹೊಂಬಾಳಮ್ಮನ ಮುಖ ನೋಡಿದರು. ಅವಳ ಕಿವಿಯಲ್ಲಿ 'ಅವ್ಳೇ' ಎಂಬ ತಮ್ಮನ ಅರ್ಧ ಮಾತು ಗುಂಯ್ಗುಟ್ಟುತ್ತಿತ್ತು. ಅವಳೇ ಕಳಿಸಿದಳು ಎನ್ನಲು ಬಂದವನ ಬಾಯಿ ತಾನೇ ಮುಚ್ಚಿಸಿದ್ದಳು. ಒಂದು ಕಾಳೂ ನನ್ನ ಮನೆಗೆ ಬಂದಿಲ್ಲ ಎಂದು ಈಗ ಹೇಳಬಹುದಿತ್ತು. ಹೇಳಿದರೆ ಸತ್ತವನು ಸುಳ್ಳುಗಾರನಾಗುತ್ತಾನೆ, ಪುಟ್ಟತಾಯಿ ಕೈಯಾರೆ ತುಂಬಿದ ರಾಗಿಯನ್ನು ತಾನು ಬೇಡವೆಂದು ಅಟ್ಟಿದ್ದೂ ತಿಳಿಯುತ್ತದೆ.

"ಹೌದು ಕಣವ್ವ" ಎಂದಳು ಹೊಂಬಾಳಮ್ಮ. "ತಿಂದೆ. ಬರಲಿಲ್ಲ. ನಂದೇ ತಪ್ಪು."

ಪುಟ್ಟತಾಯಮ್ಮ ಬಂದು ಅವಳ ತೊಡೆಯ ಮೇಲೆ ಬಿದ್ದು ಅತ್ತಳು.

ಕುಣಿಗಲ್ಲಿನ ಬಸ್ಸಿಗೆ ಬಿಡಲು ಚೌಡಪ್ಪ ಜೊತೆಗೆ ಬಂದ. ಆ ರಾಗಿಯೆಲ್ಲ ಎಲ್ಲಿಗೆ ಹೋಯಿತೆಂದು ದಾರಿಯಲ್ಲಿ ಅವಳೇ ಕೇಳಿದಳು. ಚೌಡಪ್ಪ ಹೇಳಿದ:

"ನಾನೂ ಅವನೂ ಮಂಡಿಗೆ ತೆಂಗಿನಕಾಯಿ ಹಾಕಾಕೆ ತುಮಕೂರಿಗೆ ಒಟ್ಟಿಗೆ ಬತ್ತಿದ್ವಿ ಅಕ್ಕ. ನೀನು ವಾಪಸ್ ಕಳಿಸಿದ ದಿನ ಮೂಟೆ ಹೊತ್ಕೊಂಡು ಬಸ್ ಸ್ಟ್ಯಾಂಡಿಗೆ ಬಂದ. ಮನೆಗೆ ತಗೊಂಡೋದ್ರೆ ಪುಟ್ಟತಾಯಿ ನೊಂದ್ಕೊತಾಳೆ, ಅಕ್ಕನೂ ಅವಳೂ ಇನ್ನು ಈ ಜನ್ಮದಲ್ಲಿ ಒಂದಾಗಾಕಿಲ್ಲ ಅಂದ. ನಾವಿಬ್ರೂ ಸೇರಿ ಅಲ್ಲೇ ಓದೋ ಮಕ್ಕಳಿಗೆ ಅನ್ನ ಹಾಕೋ ಮಠಕ್ಕೆ ಹೊತ್ಕೊಂಡೋಗಿ ದಾಸೋಹಕ್ಕೆ ಕೊಟ್ವಿ. ಯಾರ ಹೆಸರು ಅಂತ ಕೇಳಿದ್ರು. ನಿನ್ ಹೆಸರು ಹೇಳ್ದ. ಆಮೇಲೆ ವರ್ಷ ವರ್ಷನೂ ಅದೇ. ಒಂದಿನ ಅಕ್ಕನ ಕೋಪ ಇಳೀತದೆ ಕಣೋ ಅಂತಿದ್ದ."

ಹೊಂಬಾಳಮ್ಮ ದಾರಿ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟಳು. ಬಸ್ಸು ಒಂದು ಹೋಯಿತು, ಇನ್ನೊಂದು ಬಂತು. ಚೌಡಪ್ಪ ಪಕ್ಕದಲ್ಲೇ ನಿಂತು ಕಾದ.

ಆ ಮೇಲೆ ಒಂದು ದಿನ ಅವಳು ಯಾರಿಗೂ ಹೇಳದೆ ಮಠಕ್ಕೆ ಹೋದಳು. ಮಧ್ಯಾಹ್ನದ ಪಂಕ್ತಿ ನಡೆದಿತ್ತು. ಎಲ್ಲೆಲ್ಲಿಂದಲೋ ಓದಲು ಬಂದ ಮಕ್ಕಳು ಸಾಲಾಗಿ ಕೂತು ಬಿಸಿ ಮುದ್ದೆ ಮುರಿಯುತ್ತಿದ್ದರು. ಬಡಿಸುವವರು ಅವಳ ಮುಂದೆಯೂ ಎಲೆ ಹಾಕಿದರು. ಎಲೆಯ ಮುಂದೆ ಕೂತಳು, ಒಂದು ತುತ್ತು ಬಾಯಿಗಿಟ್ಟಳು. ಅನ್ನ ಬಿಟ್ಟು ಏಳಬಾರದೆಂದು ಕಣ್ಣೊರೆಸಿಕೊಳ್ಳುತ್ತಾ ಪೂರ್ತಿ ಉಂಡೇ ಎದ್ದಳು.

ಗಂಗಹನುಮಯ್ಯ ಸತ್ತ ಮೇಲೆಯೂ ರಾಗಿ ನಿಲ್ಲಲಿಲ್ಲ. ಈಗ ಚೌಡಪ್ಪನ ಕೈಲಿ ಪುಟ್ಟತಾಯಮ್ಮ ಕಳಿಸುತ್ತಿದ್ದಳು, ಗಂಡ ನಡೆಸಿಕೊಂಡು ಬಂದದ್ದನ್ನು ತಪ್ಪಿಸಬಾರದೆಂದು. ನಾಲ್ಕು ಮಕ್ಕಳ ಹೆಂಗಸು, ಉಳುವ ಗಂಡು ದಿಕ್ಕಿಲ್ಲದೆ ಹೊಲವನ್ನು ಕೋರಿಗೆ ಕೊಟ್ಟು ಅರ್ಧ ಬೆಳೆ ಪಡೆಯುತ್ತಿದ್ದವಳು, ಆ ಅರ್ಧದಲ್ಲಿ ಒಂದು ಮೂಟೆ ಕಳಿಸುತ್ತಿದ್ದಳು. ಬೇಡ ಎನ್ನಲು ಹೊಂಬಾಳಮ್ಮನಿಗೆ ಬಾಯಿರಲಿಲ್ಲ. ಬೇಡ ಎಂದರೆ ಹಳೆಯದೆಲ್ಲ ಬಯಲಾಗುತ್ತದೆ. ತಗೊಂಡರೆ ತಂದೆಯಿಲ್ಲದ ಮಕ್ಕಳ ತಟ್ಟೆಯದನ್ನು ತಗೊಂಡಂತಾಗುತ್ತದೆ. ಅದಕ್ಕೆ ಗುಬ್ಬಿ ಸಂತೆಯಿಂದ ತರುವ ಚೀಲ ದೊಡ್ಡದಾಯಿತು. ಹುಣಸೆಹಣ್ಣು, ಒಣಮೆಣಸಿನಕಾಯಿ, ಬೆಲ್ಲ, ಕಾಳುಕಡಿ ಎಲ್ಲವನ್ನೂ ಎರಡು ಮನೆಗೆಂದು ಚೌಕಾಸಿ ಮಾಡುವಳು. ರಾಗಿ ತಂದ ಚೌಡಪ್ಪನ ಕೈಲಿ ಅದೇ ಚೀಲದಲ್ಲಿ ಇವನ್ನು ತುಂಬಿ ಕಳಿಸುವಳು. "ಇಷ್ಟೊಂದು ಯಾಕೆ ಅತ್ತಿಗೆ" ಎಂದು ಪುಟ್ಟತಾಯಮ್ಮ ಹೇಳಿಕಳಿಸಿದರೆ "ಅಗ್ಗಕ್ಕೆ ಸಿಕ್ತು ಅಂತ ಹೇಳು" ಎನ್ನುವಳು. ಅಗ್ಗವೆಂಬುದು ಊರಲ್ಲಿ ಯಾವುದೂ ಇರಲಿಲ್ಲ.

ಎಂಬತ್ತನಾಲ್ಕರಲ್ಲಿ ಪುಟ್ಟತಾಯಮ್ಮನ ದೊಡ್ಡ ಮಗಳಿಗೆ ಗಂಡು ಗೊತ್ತಾಯಿತು. ಮದುವೆ ಸಾಮಾನಿಗೆ ಪುಟ್ಟತಾಯಮ್ಮ ತುಮಕೂರಿಗೆ ಬಂದಳು. ಅತ್ತಿಗೆ ನಾದಿನಿ ಇಬ್ಬರೂ ಗುಬ್ಬಿಗೆ ಹೋಗಿ ಸಂತೆ ಸುತ್ತಿ, ಬಿಸಿಲಿಳಿದ ಮೇಲೆ ಕೊಂಡು, ಚೀಲಗಳನ್ನು ಕಾಲ ಕೆಳಗೆ ಇಟ್ಟುಕೊಂಡು ಸಂಜೆಯ ರೈಲಿನಲ್ಲಿ ಕೂತರು. ಪುಟ್ಟತಾಯಮ್ಮ ಕಿಟಕಿಯ ಹೊರಗಿನ ತೆಂಗಿನ ತೋಟಗಳನ್ನು ನೋಡುತ್ತಾ ಇದ್ದವಳು ಇದ್ದಕ್ಕಿದ್ದ ಹಾಗೆ ಕೇಳಿದಳು:

"ಅತ್ತಿಗೆ, ನಾನು ಮೊದಲನೇ ಸಲ ರಾಗಿ ಕಳಿಸಿದ್ನಲ್ಲ, ಆವತ್ತು ಅವರು ಏನಂದ್ರು? ಮಾತೇ ಆಡ್ತಿರಲಿಲ್ಲ ನೋಡಿ, ನನಗೆ ಏನೂ ಸರಿಯಾಗಿ ಹೇಳಲಿಲ್ಲ."

ಹೊಂಬಾಳಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"'ಅವ್ಳೇ ಕಳಿಸಿದ್ಳು ಕಣಕ್ಕ' ಅಂದ. ನಾನು ಕೂರಿಸಿ ನೀರು ಕೊಟ್ಟೆ. ಹುರುಳಿ ಸಾರು ಮಾಡಿದ್ದೆ ಅವತ್ತು. ಎರಡು ಮುದ್ದೆ ಉಂಡ. ಇನ್ನೊಂದು ಇಕ್ಕಾಕೆ ಹೋದೆ, ಸಾಕು ಅಂದ. ಸಂಜೆವರೆಗೂ ಮಲಗಿದ್ದ, ಮಕ್ಕಳ ಜೊತೆ ಆಟ ಆಡ್ದ. ಬಸ್ ಸ್ಟ್ಯಾಂಡ್ ತನಕ ನಾನೇ ಹೋಗಿ ಹತ್ತಿಸಿ ಬಂದೆ."

"ಎರಡು ಮುದ್ದೆ ಉಂಡ್ರಾ!" ಎಂದು ಪುಟ್ಟತಾಯಮ್ಮ ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು. ಹೊಂಬಾಳಮ್ಮ ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡಳು. ತುಮಕೂರು ಬರುವವರೆಗೂ ಅವಳು ಆ ಕಡೆಯೇ ನೋಡುತ್ತಿದ್ದಳು.